ಏನೂ ಇಲ್ಲವೆಂದ ಹಾರ್ಡ್ ಡಿಸ್ಕ್

ಹಳೇಬೀಡಿನ ಶಾಲೆಯ ಕಾರ್ಯದರ್ಶಿಗಳು ಬೇಲೂರಿನ ನನ್ನ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಅವರ ಕಾರಿನ ಹಿಂದಿನ ಸೀಟಿನಲ್ಲಿ ಆಫೀಸಿನ ಡೆಸ್ಕ್‌ಟಾಪ್ ಮಲಗಿತ್ತು, ಅದರ ಪಕ್ಕದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್. ಅವರದು ಕಿವಿ ಕೇಳಿಸದ ಮಕ್ಕಳ ಶಾಲೆ. ಸುತ್ತಲ ಹಳ್ಳಿಗಳಿಂದ ಮೂವತ್ತು ಚಿಲ್ಲರೆ ಮಕ್ಕಳು ಬರುತ್ತಾರೆ. ಅಲ್ಲಿನ ಕಂಪ್ಯೂಟರು, ಪ್ರಿಂಟರು ಕೆಟ್ಟರೆ ರಿಪೇರಿ ಮಾಡುವವಳು ನಾನೇ.

ಡೆಸ್ಕ್‌ಟಾಪ್ ಬಿಚ್ಚಿ ನೋಡಿದೆ. ಹಾರ್ಡ್ ಡಿಸ್ಕ್ ಪೂರ್ತಿ ಸತ್ತಿತ್ತು. ಕರೆಂಟು ಕೊಟ್ಟರೆ ಒಳಗಿನ ತಟ್ಟೆ ತಿರುಗುವ ಸದ್ದೂ ಇರಲಿಲ್ಲ. ಲ್ಯಾಪ್‌ಟಾಪಿನದು ಅದಕ್ಕೆ ತಿರುಗುಮುರುಗು. ಮದರ್‌ಬೋರ್ಡ್ ಸುಟ್ಟಿತ್ತು, ಡಿಸ್ಕ್ ಚೆನ್ನಾಗಿತ್ತು.

"ಇದ್ರ ಡಿಸ್ಕ್ ತೆಗೆದು ಅದಕ್ಕೆ ಹಾಕಿಬಿಡಮ್ಮ," ಅಂದರು ಕಾರ್ಯದರ್ಶಿಗಳು. "ಒಂದು ಸತ್ತಿದೆ, ಇನ್ನೊಂದು ಸತ್ತಿದೆ. ಎರಡೂ ಸೇರಿಸಿ ಒಂದು ಬದುಕಿಸು. ನಾಡಿದ್ದರೊಳಗೆ ಮಕ್ಕಳ ಹಾಜರಿ ಆನ್‌ಲೈನ್‌ಗೆ ಹಾಕ್ಬೇಕು."

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲ್ಯಾಪ್‌ಟಾಪಿನ ಡಿಸ್ಕನ್ನು ಡೆಸ್ಕ್‌ಟಾಪಿಗೆ ಹಾಕುವುದು ನಾನು ತಿಂಗಳಿಗೆ ಒಮ್ಮೆಯಾದರೂ ಮಾಡುವ ಕೆಲಸ. ಅದು ಅಂಗೈಯಷ್ಟಗಲ, ಡೆಸ್ಕ್‌ಟಾಪಿನದಕ್ಕಿಂತ ಚಿಕ್ಕದು, ತೆಳ್ಳಗಿನದು. ಆದರೆ ಹಿಂದಿನ ಎರಡು ಬಾಯಿಗಳು, ಡೇಟಾ ಕೇಬಲಿನದೂ ಕರೆಂಟಿನದೂ, ಎರಡರಲ್ಲೂ ಒಂದೇ. ಬೇರೆ ಯಾವ ಕನ್ವರ್ಟರೂ ಬೇಡ. ದೊಡ್ಡ ಡಿಸ್ಕಿನ ಜಾಗದಲ್ಲಿ ಚಿಕ್ಕದು ಅಲ್ಲಾಡದಂತೆ ಕೂರಿಸಲು ಒಂದು ತಗಡಿನ ಬ್ರಾಕೆಟ್ ಬೇಕು, ನಾಲ್ಕು ಸಣ್ಣ ಸ್ಕ್ರೂ ಬೇಕು. ಅಷ್ಟೇ.

ಬ್ರಾಕೆಟ್ ಹಾಕಿ, ಕೇಬಲ್ ಸಿಕ್ಕಿಸಿ, ಆನ್ ಮಾಡಿದೆ. ಲ್ಯಾಪ್‌ಟಾಪಿನ ವಿಂಡೋಸ್ ಹೊಸ ಮೈಯಲ್ಲಿ ಏಳಲು ನೋಡಿತು. ಚುಕ್ಕೆಗಳು ಒಂದಿಷ್ಟು ಸುತ್ತು ತಿರುಗಿದವು, ಆಮೇಲೆ ನೀಲಿ ಪರದೆ ಬಂತು. ಇದೂ ಗೊತ್ತಿದ್ದದ್ದೇ. ಎರಡು ಯಂತ್ರಗಳಲ್ಲಿ ಡಿಸ್ಕ್ ಓದುವ ಸೆಟ್ಟಿಂಗ್ ಬೇರೆಬೇರೆ ಇದ್ದರೆ ಹೀಗಾಗುತ್ತದೆ. ಬಯೋಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗಿನ ಪರದೆಗೆ, ಹೋಗಿ ಆ ಒಂದು ಸೆಟ್ಟಿಂಗ್ ಬದಲಿಸಿ ನೋಡಬಹುದಿತ್ತು. ಹತ್ತು ನಿಮಿಷದ ಕೆಲಸ. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಅದನ್ನು ಮಾಡಿ ನೋಡಲಿಲ್ಲ. ಹೊಸ ವಿಂಡೋಸ್ ಹಾಕುವ ಪೆನ್‌ಡ್ರೈವ್ ಸಿಕ್ಕಿಸಿದೆ.

ಡಿಸ್ಕಿನ ಯಾವ ಭಾಗಕ್ಕೆ ವಿಂಡೋಸ್ ಹಾಕಬೇಕೆಂದು ಕೇಳುವ ಪರದೆ ಬಂತು. ಅಲ್ಲಿ ಪ್ರತಿ ಭಾಗ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಖಾಲಿ ಎಂದು ತೋರಿಸುತ್ತದೆ. ಮೊದಲ ಭಾಗದಲ್ಲಿ ಖಾಲಿ ಜಾಗ ಹೆಚ್ಚುಕಮ್ಮಿ ಇರಲೇ ಇಲ್ಲ. ಎರಡನೆಯದು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಆ ಅಂಕಿಗಳನ್ನು ನಾನು ಓದಿದೆ. ಓದಲಿಲ್ಲ ಎಂದು ಇವತ್ತು ಬರೆದರೆ ಸುಳ್ಳಾಗುತ್ತದೆ.

"ಸಾರ್, ಇದ್ರಲ್ಲಿ ತುಂಬಾ ಡೇಟಾ ಇದೆ. ಯಾರದ್ದು?"

"ನಮ್ ಟೀಚರ್ದು. ರಜದಲ್ಲಿದಾರೆ." ಅವರು ಫೋನಿನಿಂದ ತಲೆಯೆತ್ತಲಿಲ್ಲ. "ಅದ್ರಲ್ಲಿ ಏನೂ ಇಲ್ಲಮ್ಮ. ಬರೀ ಮಕ್ಳು ಕೈ ಆಡ್ಸೋ ವಿಡಿಯೋ."

"ಅವ್ರನ್ನ ಒಂದು ಮಾತು ಕೇಳ್ಬಹುದಲ್ವಾ?"

"ಕೇಳಿದೀನಿ. ತೆಗೀರಿ ಅಂದಿದಾರೆ. ನೀನು ಮುಂದಕ್ಕೆ ಹೋಗು."

ಜಾಬ್ ಕಾರ್ಡ್ ಮುಂದಿಟ್ಟು ಸಹಿ ಹಾಕಿಸಿಕೊಂಡೆ. ಅದರ ಕೆಳಗೆ, ಡೇಟಾ ಹೋದರೆ ನಾವು ಜವಾಬ್ದಾರರಲ್ಲ ಎಂದು ಚಿಕ್ಕ ಅಕ್ಷರದಲ್ಲಿ ಅಚ್ಚಾಗಿದೆ. ಅಚ್ಚು ಹಾಕಿಸಿದವಳು ನಾನೇ. ಸಹಿ ಬಿದ್ದ ಮೇಲೆ ಮೊದಲ ಭಾಗ ಡಿಲೀಟ್, ಎರಡನೆಯ ಭಾಗ ಡಿಲೀಟ್. ಇಡೀ ಡಿಸ್ಕ್ ಒಂದೇ ಖಾಲಿ ಜಾಗವಾಗಿ ಕಂಡಿತು. ನೆಕ್ಸ್ಟ್ ಒತ್ತಿದೆ. ಮಧ್ಯಾಹ್ನಕ್ಕೆ ಕಂಪ್ಯೂಟರ್ ಹಳೇಬೀಡಿಗೆ ಹೋಯಿತು, ಡಿಸ್ಕ್ ತೆಗೆದ ಲ್ಯಾಪ್‌ಟಾಪಿನ ಚಿಪ್ಪೂ ಅದರ ಜೊತೆ ಹೋಯಿತು.

ಎರಡು ವಾರ ಕಳೆದು ಮೂರನೆಯ ವಾರದಲ್ಲಿ ಟೀಚರ್ ಬಂದರು. ಅರಸೀಕೆರೆಯವರು, ದಿನವೂ ಬಸ್ಸಿನಲ್ಲಿ ಹಳೇಬೀಡಿಗೆ ಓಡಾಡುವವರು. ತಾಯಿಗೆ ಸೊಂಟದ ಆಪರೇಷನ್ ಆಗಿ ಹಾಸನದ ಆಸ್ಪತ್ರೆಯಲ್ಲೇ ಇದ್ದರಂತೆ. ಚೀಲದಿಂದ ಆ ಲ್ಯಾಪ್‌ಟಾಪ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದು ಆನ್ ಆಗ್ತಿಲ್ಲ ರೀ. ರಿಪೇರಿ ಬೇಡ. ಒಳಗಿನ ಹಾರ್ಡ್ ಡಿಸ್ಕ್ ತೆಗೆದು, ಹೊರಗಡೆ ಹಾಕ್ಕೊಳೋ ಡಬ್ಬಿ ಬರುತ್ತಲ್ಲ, ಅದಕ್ಕೆ ಹಾಕ್ಕೊಡಿ. ಆರು ವರ್ಷದ್ದು ಇದೆ ಅದ್ರಲ್ಲಿ."

ಲ್ಯಾಪ್‌ಟಾಪನ್ನು ತಿರುಗಿಸಿ ನೋಡುವ ಅಗತ್ಯವಿರಲಿಲ್ಲ. ಅದರ ಕೆಳಗಿನ ಒಂದು ಸ್ಕ್ರೂ ಕಳೆದುಹೋಗಿ ನಾನೇ ಬೇರೆ ಬಣ್ಣದ್ದು ಹಾಕಿದ್ದೆ.

"ನೀವು ತೆಗೀರಿ ಅಂದ್ರಂತಲ್ಲ?" ಅಂದೆ.

"ಏನು ತೆಗೀರಿ ಅಂದೆ?"

ಹೇಳಿದೆ. ಹೇಳುತ್ತಾ ಹೇಳುತ್ತಾ ಜಾಬ್ ಕಾರ್ಡನ್ನೂ ಅವರ ಮುಂದೆ ಸರಿಸಿದೆ. ಅದನ್ನು ಯಾಕೆ ಸರಿಸಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರು ಕಾರ್ಡನ್ನು ಕೈಗೆತ್ತಿಕೊಂಡು ಓದಿ, ಕೆಳಗಿಟ್ಟರು.

"ಇದು ನನ್ನ ಸಹಿ ಅಲ್ವಲ್ಲ," ಅಂದರು.

ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು, ಪಾಠ ಹೇಳುವವರ ಹಾಗೆ ಒಂದೊಂದೇ ಮಾತು ಹೇಳಿದರು. ಕಿವಿ ಕೇಳದ ಮಗು ಶಾಲೆಗೆ ಬರುವ ಮೊದಲೇ ಮನೆಯಲ್ಲಿ ತನ್ನದೇ ಸನ್ನೆಗಳನ್ನು ಮಾಡಿಕೊಂಡಿರುತ್ತದೆ. ನೀರಿಗೊಂದು, ನೋವಿಗೊಂದು, ಅಮ್ಮನಿಗೊಂದು, ಪಕ್ಕದ ಮನೆಯ ನಾಯಿಗೊಂದು. ಅದು ಆ ಮಗುವಿಗೂ ಆ ಮನೆಯವರಿಗೂ ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ. ಶಾಲೆಗೆ ಬಂದು ಎಲ್ಲರ ಸನ್ನೆ ಕಲಿತ ಮೇಲೆ ಮನೆಯದು ನಿಧಾನಕ್ಕೆ ಮರೆತುಹೋಗುತ್ತದೆ. ಆಗ ಮನೆಯವರಿಗೆ ಮಗು ಅರ್ಥವಾಗುವುದಿಲ್ಲ, ಮಗುವಿಗೆ ಮನೆಯವರು ಅರ್ಥವಾಗುವುದಿಲ್ಲ. ಅದಕ್ಕೇ ಈ ಟೀಚರ್, ಪ್ರತಿ ಮಗು ಸೇರಿದ ಮೊದಲ ವಾರದಲ್ಲೇ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸನ್ನೆಗಳನ್ನೆಲ್ಲ ವಿಡಿಯೋ ಮಾಡಿಟ್ಟಿದ್ದರು. ಆಮೇಲೆ ಅದೇ ಮಾತಿಗೆ ಶಾಲೆಯ ಸನ್ನೆಯನ್ನೂ ಜೋಡಿಸಿ ಮನೆಯವರಿಗೆ ಕಲಿಸುತ್ತಿದ್ದರು.

"ಒಂದೊಂದು ಮಗೂದು ಒಂದೊಂದು ಭಾಷೆ ಕಣ್ರೀ. ಮಾತಾಡೋರು ಇಬ್ರೋ ಮೂವರೋ ಇರ್ತಾರೆ, ಅಷ್ಟೇ."

ಬರೀ ಮಕ್ಕಳು ಕೈ ಆಡಿಸುವ ವಿಡಿಯೋ. ನನ್ನ ಮೈಯಲ್ಲಿ ಕಾವೇರತೊಡಗಿತು. ಮೊದಲು ನನ್ನ ಮೇಲೆ, ಆಮೇಲೆ ಕಾರ್ಯದರ್ಶಿಗಳ ಮೇಲೆ. ಇವತ್ತಿಗೂ ಈ ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಿ ಹೇಳಲಾರೆ.

ಆದರೆ ನನಗೆ ಒಂದು ವಿಷಯ ಗೊತ್ತಿತ್ತು. ಬೇಲೂರಿನ ದೇವಸ್ಥಾನದ ಮುಂದೆ ಪ್ರವಾಸಿಗಳ ಫೋಟೋ ತೆಗೆಯುವವರು ಮೆಮೊರಿ ಕಾರ್ಡಿನಲ್ಲಿದ್ದುದನ್ನು ಅಳಿಸಿಕೊಂಡು ನನ್ನ ಹತ್ತಿರ ಓಡಿಬರುತ್ತಾರೆ. ಎಷ್ಟೋ ಸಲ ವಾಪಸ್ ತೆಗೆದುಕೊಟ್ಟಿದ್ದೇನೆ. ಡಿಲೀಟ್ ಮಾಡಿದಾಗ, ಮೇಲುಮೇಲೆ ಫಾರ್ಮ್ಯಾಟ್ ಮಾಡಿದಾಗ, ಡಿಸ್ಕ್ ಅಳಿಸುವುದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ಫೈಲು ಇದ್ದ ಜಾಗದಲ್ಲೇ ಇರುತ್ತದೆ, ಇನ್ನೊಂದು ಫೈಲು ಬಂದು ಅದರ ಮೇಲೆ ಕೂರುವ ತನಕ. ಹೊಸ ವಿಂಡೋಸ್ ಒಂದಿಷ್ಟು ಜಾಗ ತಿಂದಿದೆ. ಎರಡು ವಾರದ ಆಫೀಸು ಕೆಲಸ ಇನ್ನೊಂದಿಷ್ಟು ತಿಂದಿರುತ್ತದೆ. ಉಳಿದದ್ದು ಉಳಿದಿರಬೇಕು, ಆದರೆ ಆ ಕಂಪ್ಯೂಟರ್ ಆನ್ ಇರುವ ಒಂದೊಂದು ನಿಮಿಷವೂ ಅಪಾಯ.

ಟೀಚರ್ ಎದುರಿಗೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

"ಸಾರ್, ಆ ಕಂಪ್ಯೂಟರ್ ಈಗಲೇ ಆಫ್ ಮಾಡಿ. ಏನೂ ಸೇವ್ ಮಾಡ್ಬೇಡಿ, ಏನೂ ಕಾಪಿ ಮಾಡ್ಬೇಡಿ. ನಾವು ಬರ್ತಿದೀವಿ."

"ಆಯ್ತಮ್ಮ, ಆಯ್ತು," ಅಂದರು.

ಅಂಗಡಿ ಮುಚ್ಚಿ ಹಳೇಬೀಡಿನ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಟೀಚರ್, "ಎಷ್ಟು ಸಿಗಬಹುದು?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಶಾಲೆಯ ಆಫೀಸಿನ ಬಾಗಿಲಲ್ಲಿ ನಿಂತಾಗ ನನಗೆ ಕಂಡದ್ದು ಕಂಪ್ಯೂಟರಿನ ಪರದೆ. ಅದರಲ್ಲಿ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಬೆಳೆಯುತ್ತಿತ್ತು. ಕಾರ್ಯದರ್ಶಿಗಳು ಪೆನ್‌ಡ್ರೈವಿನಿಂದ ಏನೋ ಕಾಪಿ ಮಾಡುತ್ತಿದ್ದರು. ಮುಕ್ಕಾಲು ಭಾಗ ಆಗಿಹೋಗಿತ್ತು.

"ಏನ್ ಸಾರ್ ಅದು?"

"ನನ್ನ ಸನ್ಮಾನದ ವಿಡಿಯೋ ಕಣಮ್ಮ. ಫೋಟೋದವನು ಪೆನ್‌ಡ್ರೈವ್ ಇವತ್ತೇ ವಾಪಸ್ ಕೇಳ್ತಿದಾನೆ. ಇದೊಂದು ಆಗ್ಲಿ, ಆಫ್ ಮಾಡ್ತೀನಿ."

ಮೇಜಿನ ಕೆಳಗೆ ಬಗ್ಗಿ ಗೋಡೆಯಿಂದ ಪ್ಲಗ್ ಕಿತ್ತೆ. ಸರಿಯಾಗಿ ಶಟ್‌ಡೌನ್ ಮಾಡಿದ್ದರೆ ಹೋಗುವ ಮುಂಚೆ ವಿಂಡೋಸ್ ಇನ್ನೊಂದಿಷ್ಟು ಬರೆದುಕೊಳ್ಳುತ್ತಿತ್ತು. ಹಾಗಾಗಿ ಪ್ಲಗ್ ಕೀಳುವುದೇ ಸರಿ. ಇದು ಲೆಕ್ಕ ಹಾಕಿ ಮಾಡಿದ್ದು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜವಾಗಿ ಆ ಕ್ಷಣದಲ್ಲಿ ಯಾವ ಲೆಕ್ಕವೂ ಇರಲಿಲ್ಲ, ಸಿಟ್ಟೊಂದೇ ಇತ್ತು. ಸಿಟ್ಟೂ ಲೆಕ್ಕವೂ ಒಂದೇ ಕಡೆ ತೋರಿಸಿದ್ದು ನನ್ನ ಪುಣ್ಯ.

"ಏಯ್, ಏನಮ್ಮ ನೀನು! ಯಾರನ್ನ ಕೇಳಿ ಕಿತ್ತೆ?"

"ಯಾರನ್ನೂ ಕೇಳಿಲ್ಲ ಸಾರ್. ಹೋದ್ಸಲ ನಿಮ್ಮನ್ನ ಕೇಳಿದ್ದೇ ತಪ್ಪಾಗಿದ್ದು."

"ಇದು ಸಂಸ್ಥೆ ಆಸ್ತಿ. ನೀನು ಮುಟ್ಟಂಗಿಲ್ಲ."

"ಸಾರ್, ನಾನು ಯಾವಾಗ ತೆಗೀರಿ ಅಂದೆ?" ಟೀಚರ್ ಬಾಗಿಲಲ್ಲೇ ನಿಂತು ಕೇಳಿದರು. "ನೀವು ನಂಗೆ ಫೋನೇ ಮಾಡಿಲ್ಲ."

"ಎಲ್ಲಾದಕ್ಕೂ ಫೋನ್ ಮಾಡ್ತಾ ಕೂತ್ರೆ ಆಫೀಸು ನಡೆಯುತ್ತಾ? ಲ್ಯಾಪ್‌ಟಾಪೂ ಸಂಸ್ಥೆದೇ ಅಲ್ವೇನಮ್ಮ? ಮತ್ತೆ ಮಾಡ್ಕೊಂಡ್ರಾಯ್ತು. ಮಕ್ಕಳು ಎಲ್ಲಿ ಹೋಗ್ತಾವೆ, ಇಲ್ಲೇ ಇದಾವಲ್ಲ."

ಟೀಚರ್ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ, ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದೆ, ಬ್ರಾಕೆಟ್ ಸಮೇತ ಡಿಸ್ಕನ್ನು ಹೊರಗೆಳೆದೆ. ಇನ್ನೂ ಬೆಚ್ಚಗಿತ್ತು. ಡಿಸ್ಕ್ ನಾನು ತೆಗೆದುಕೊಂಡು ಹೋಗುತ್ತಿದ್ದೇನೆ, ಕೆಲಸ ಮುಗಿದ ಮೇಲೆ ವಾಪಸ್ ಕೊಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಮೇಜಿನ ಮೇಲಿಟ್ಟೆ. ಕಾರ್ಯದರ್ಶಿಗಳು ಪೊಲೀಸಿನ ಹೆಸರೆತ್ತಿದರು. "ಕರೀರಿ ಸಾರ್, ನಾನು ಅಂಗಡೀಲೇ ಇರ್ತೀನಿ," ಎಂದು ಬಂದುಬಿಟ್ಟೆ.

ಇಂಥ ಕೆಲಸದಲ್ಲಿ ಮೂಲ ಡಿಸ್ಕಿನ ಮೇಲೆ ಏನನ್ನೂ ಮಾಡಬಾರದು. ಮೊದಲು ಅದರ ಪೂರ್ತಿ ನಕಲು ತೆಗೆಯಬೇಕು, ಫೈಲುಗಳನ್ನಲ್ಲ, ಮೊದಲ ಅಂಗುಲದಿಂದ ಕೊನೆಯ ಅಂಗುಲದವರೆಗೆ ಇರುವುದನ್ನೆಲ್ಲ ಇದ್ದ ಹಾಗೇ. ಅದಕ್ಕೆ ದೊಡ್ಡದೊಂದು ಖಾಲಿ ಡಿಸ್ಕ್ ಬೇಕಿತ್ತು. ಅರಸೀಕೆರೆಯಲ್ಲಿ ಸಿಸಿಟಿವಿ ಹಾಕುವ ಪರಿಚಯದವರೊಬ್ಬರಿಗೆ ವಿಷಯ ಹೇಳಿದೆ. ಮರುದಿನ ಟೀಚರ್ ಬೆಳಗಿನ ಬಸ್ಸಿಗೆ ಹತ್ತುವ ಮೊದಲೇ ಅವರು ಬಸ್‌ಸ್ಟ್ಯಾಂಡಿಗೆ ಬಂದು ಡಿಸ್ಕನ್ನು ಟೀಚರ್ ಕೈಗೆ ಕೊಟ್ಟಿದ್ದರು. ಟೀಚರ್ ಅದನ್ನು ಬೇಲೂರಿಗೆ ತಂದುಕೊಟ್ಟರು.

ನಕಲು ಶುರುವಾಗಿ ಅರ್ಧ ದಿನ ಸರಾಗವಾಗಿ ಓಡಿತು. ಆಮೇಲೆ ಡಿಸ್ಕ್ ಟಕ್, ಟಕ್ ಅನ್ನತೊಡಗಿತು. ಓದುವ ಸೂಜಿ ಒಂದು ಜಾಗವನ್ನು ಓದಲಾರದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದು ಅದು. ಆ ಡಿಸ್ಕಿಗೆ ವಯಸ್ಸಾಗಿತ್ತು. ಹೊಸ ವಿಂಡೋಸ್ ಹಾಕುವ ಮುಂಚೆ ಅದರ ಆರೋಗ್ಯದ ವರದಿ ತೆಗೆದು ನೋಡಬೇಕಿತ್ತು. ಅದನ್ನೂ ನಾನು ಮಾಡಿರಲಿಲ್ಲ. ಕೆಟ್ಟ ಜಾಗ ಬಂದರೆ ಹಟ ಹಿಡಿಯದೆ ದಾಟಿ ಮುಂದೆ ಹೋಗು, ಎಲ್ಲ ಮುಗಿದ ಮೇಲೆ ವಾಪಸ್ ಬಂದು ನೋಡು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಡಿಸ್ಕ್ ಕಾಯದಂತೆ ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸಿದೆ. ಬೇರೆ ಗಿರಾಕಿಗಳನ್ನು ವಾಪಸ್ ಕಳಿಸಿದೆ.

ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಒಂದಿಷ್ಟು ಹೊತ್ತು ಕೂಗಿ ಕೂಗಿ ಸುಮ್ಮನಾಯಿತು. ಎಲ್ಲಿಯವರೆಗೆ ನಕಲಾಗಿದೆ ಎಂಬ ದಾಖಲೆಯನ್ನು ಪ್ರೋಗ್ರಾಮು ಬರೆದಿಟ್ಟುಕೊಂಡಿದ್ದರಿಂದ ಮತ್ತೆ ಮೊದಲಿನಿಂದ ಶುರುಮಾಡುವ ಗತಿ ಬರಲಿಲ್ಲ. ಆದರೆ ಕರೆಂಟು ಬಂದಾಗ ಡಿಸ್ಕ್ ಕೂಡಲೇ ಏಳಲಿಲ್ಲ. ತಿರುಗಲು ನೋಡಿತು, ನಿಂತಿತು. ಇನ್ನೊಮ್ಮೆ ನೋಡಿತು, ನಿಂತಿತು. ಕರೆಂಟು ತೆಗೆದು, ಅದು ಪೂರ್ತಿ ತಣ್ಣಗಾಗುವವರೆಗೆ ಕೈಕಟ್ಟಿಕೊಂಡು ಕೂತೆ. ಆಗ ಮಾತ್ರ ನನಗೆ ಅಳು ಬಂತು. ಮೂರನೆಯ ಸಲ ತಿರುಗಿತು.

ನಾಲ್ಕನೆಯ ದಿನಕ್ಕೆ ನಕಲು ಮುಗಿಯಿತು. ಅಲ್ಲಲ್ಲಿ ತೂತುಗಳಿದ್ದವು, ಹೆಚ್ಚಿನದು ಬಂದಿತ್ತು. ಇನ್ನು ಹುಡುಕುವ ಕೆಲಸ.

ಡಿಸ್ಕಿನ ಎರಡನೆಯ ಭಾಗ, ಅಂದರೆ ಮಧ್ಯದಿಂದ ಕೊನೆಯವರೆಗಿನದು, ಹೆಚ್ಚುಕಮ್ಮಿ ಹಾಗೇ ಇತ್ತು. ಅದರ ಹಳೆಯ ಪಟ್ಟಿಯೂ ಸಿಕ್ಕಿತು. ಒಂದೊಂದು ಮಗುವಿನ ಹೆಸರಿನಲ್ಲಿ ಒಂದೊಂದು ಫೋಲ್ಡರು, ಒಳಗೆ ವಿಡಿಯೋಗಳು, ಒಂದೊಂದಕ್ಕೂ ಟೀಚರ್ ಕೊಟ್ಟ ಹೆಸರು: ಹಸಿವು, ಬಸ್ಸು, ಬೇಡ, ತಮ್ಮ. ಮೂರು ವರ್ಷಗಳಿಂದ ಈಚಿನದೆಲ್ಲ ಅಲ್ಲಿತ್ತು. ಟೀಚರಿಗೆ ಫೋನ್ ಮಾಡಿ ಹೆಸರುಗಳನ್ನು ಓದಿದೆ. ಅವರು ಹೂಂ, ಹೂಂ ಅನ್ನುತ್ತಿದ್ದರು. ಕೊನೆಗೆ, "ಅದಕ್ಕಿಂತ ಹಿಂದಿಂದು?" ಅಂದರು.

ಹಿಂದಿನ ಮೂರು ವರ್ಷದ್ದು ಮೊದಲ ಭಾಗದಲ್ಲಿತ್ತು. ನಾನು ವಿಂಡೋಸ್ ಹಾಕಿದ್ದು ಅದರ ಮೇಲೆ. ಪಟ್ಟಿ ಪೂರ್ತಿ ಹೋಗಿತ್ತು. ವಿಡಿಯೋದ ಗುರುತಿರುವ ತುಣುಕುಗಳನ್ನು ಡಿಸ್ಕಿನಿಂದ ಹೆಕ್ಕಿ ತೆಗೆಯುವುದೊಂದೇ ದಾರಿ. ಹಾಗೆ ತೆಗೆದವಕ್ಕೆ ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು. ಕೆಲವು ಪೂರ್ತಿ ಆಡಿದವು. ಕೆಲವು ಅರ್ಧಕ್ಕೆ ನಿಂತವು. ಕೆಲವು ತೆರೆದರೆ ಕಪ್ಪು. ಇವುಗಳ ನಡುವೆ ಮತ್ತೆ ಮತ್ತೆ ಕಾಣಿಸುತ್ತಿದ್ದುದು ಕಾರ್ಯದರ್ಶಿಗಳ ಸನ್ಮಾನ. ಪೇಟ, ಶಾಲು, ಏಲಕ್ಕಿ ಹಾರ, ಕೈ ಮುಗಿದು ನಗುವ ಮುಖ. ಒಂದು ನಂಬರು ಒತ್ತಿದರೆ ಒಂದು ಮಗು, ಮುಂದಿನದು ಒತ್ತಿದರೆ ಆ ಹಾರ. ಫೋಟೋದವನು ಒಳ್ಳೆಯ ಕ್ಯಾಮೆರಾ ಇಟ್ಟಿದ್ದ. ಹಾರದ ಒಂದೊಂದು ಏಲಕ್ಕಿಯೂ ಎಣಿಸುವಷ್ಟು ಸ್ಪಷ್ಟ. ಆ ಸ್ಪಷ್ಟತೆಗೆ ಬೇಕಾದ ಜಾಗವೆಲ್ಲ ಯಾವ ಮಕ್ಕಳ ವಿಡಿಯೋ ಅಳಿಸಿ ಬಂದದ್ದೆಂದು ನನಗೆ ಗೊತ್ತಿತ್ತು. ಎಷ್ಟನೆಯ ಸಲವೋ ಆ ಹಾರ ಬಂದಾಗ ಎದ್ದು ಹೋಗಿ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದೆ. ಇಲ್ಲದಿದ್ದರೆ ಮಾನಿಟರು ಒಡೆದುಹೋಗುತ್ತಿತ್ತು.

ಅದೇ ವಾರ ಕಾರ್ಯದರ್ಶಿಗಳು ಅಂಗಡಿಗೆ ಬಂದರು. ಈ ಸಲ ದನಿ ಮೆತ್ತಗಿತ್ತು. ಟೀಚರ್ ಶಾಲೆಯ ಕಮಿಟಿಗೆ ದೂರು ಬರೆದಿದ್ದರಂತೆ. ಟೈಪ್ ಮಾಡಿಸಿದ ಒಂದು ಕಾಗದವನ್ನು ನನ್ನ ಮುಂದಿಟ್ಟರು. ಲ್ಯಾಪ್‌ಟಾಪಿನ ಡಿಸ್ಕ್ ಹಳೆಯದಾಗಿ ತಾನಾಗಿಯೇ ಕೆಟ್ಟಿತ್ತು, ಅದರಲ್ಲಿನ ಮಾಹಿತಿ ರಿಪೇರಿಗೆ ಮುಂಚೆಯೇ ಹೋಗಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ನಾನು ದೃಢೀಕರಿಸಬೇಕು.

"ನಿನಗೂ ಒಳ್ಳೇದು, ನನಗೂ ಒಳ್ಳೇದು," ಅಂದರು. "ಅಳಿಸಿದ್ದು ನೀನೇ ತಾನೆ? ನಾಳೆ ಬೇಲೂರಲ್ಲಿ ನಿನ್ನ ಅಂಗಡಿಗೆ ಯಾರು ಬರ್ತಾರೆ, ಯೋಚ್ನೆ ಮಾಡು."

ಯೋಚನೆ ಮಾಡಿದೆ. ಸುಳ್ಳು ಹೇಳಬೇಕೆಂದಲ್ಲ, ಆ ಕಾಗದದಲ್ಲಿ ಅರ್ಧ ನಿಜವಿತ್ತಲ್ಲ ಎಂದು. ಡಿಸ್ಕ್ ಹಳೆಯದು, ನಿಜ. ಕೆಟ್ಟ ಜಾಗಗಳಿವೆ, ನಿಜ. ತಂತ್ರಜ್ಞೆ ಹೇಳಿದರೆ ಕಮಿಟಿಯಲ್ಲಿ ಯಾರೂ ಎದುರಾಡುವುದಿಲ್ಲ. ಜಾಬ್ ಕಾರ್ಡಿನ ಚಿಕ್ಕ ಅಕ್ಷರಕ್ಕಿಂತ ಇದು ಎಷ್ಟೋ ಗಟ್ಟಿಯಾದ ಬೇಲಿ. ಹತ್ತು ನಿಮಿಷ ಆ ಬೇಲಿಯ ಒಳಗೆ ಕೂತು ನೋಡಿದೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

"ನೀವು ಹೋಗಿ ಸಾರ್. ಕಾಗದ ನಾನೇ ಬರೀತೀನಿ."

ಎರಡು ಪುಟ ಬರೆದೆ, ಕೈಬರಹದಲ್ಲಿ. ಪರದೆಯ ಮೇಲೆ ಡೇಟಾ ಇರುವುದು ಕಂಡಿತ್ತು. ಟೀಚರ್ ನಂಬರು ನನ್ನ ಫೋನಿನಲ್ಲೇ ಇತ್ತು, ನಾನು ಫೋನ್ ಮಾಡಲಿಲ್ಲ. ನಕಲು ತೆಗೆಯದೆ ಎರಡು ಭಾಗಗಳನ್ನೂ ಅಳಿಸಿದೆ. ಟೀಚರ್ ಒಪ್ಪಿದ್ದಾರೆ ಎಂದು ಕಾರ್ಯದರ್ಶಿಗಳು ಹೇಳಿದ್ದು ಸುಳ್ಳು. ಆಫ್ ಮಾಡಿ ಎಂದ ಮೇಲೂ ಅವರು ಅದರ ಮೇಲೆ ತಮ್ಮ ವಿಡಿಯೋ ಕಾಪಿ ಮಾಡಿದರು. ಹೋದದ್ದರಲ್ಲಿ ಎಷ್ಟು ನನ್ನಿಂದ, ಎಷ್ಟು ಅವರಿಂದ ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ. ಇಷ್ಟನ್ನೂ ಬರೆದು ಕಮಿಟಿಯ ಅಧ್ಯಕ್ಷರ ಕೈಗೇ ಕೊಟ್ಟುಬಂದೆ.

ಕಮಿಟಿ ಸೇರಿತು. ಆದದ್ದು ಏನೆಂದರೆ, ಇನ್ನು ಮುಂದೆ ಹೀಗಾಗಬಾರದು ಎಂದು ಬರೆದುಕೊಂಡರು. ಮಕ್ಕಳ ವಿಡಿಯೋಗಳನ್ನು ಎರಡು ಕಡೆ ಇಡಲು ಎರಡು ಹೊಸ ಡಿಸ್ಕ್ ತರಿಸಲು ಒಪ್ಪಿದರು. ಶಾಲೆಯ ಕಂಪ್ಯೂಟರ್ ಕೆಲಸವನ್ನು ಹಾಸನದ ಬೇರೆಯವರಿಗೆ ಕೊಟ್ಟರು. ಕಾರ್ಯದರ್ಶಿಗಳು ಕಾರ್ಯದರ್ಶಿಗಳಾಗಿಯೇ ಉಳಿದರು. ಅದನ್ನು ನನಗೆ ಹೇಳುತ್ತಾ ಟೀಚರ್ ನಕ್ಕರು, ನನಗೆ ನಗಲು ಆಗಲಿಲ್ಲ. ನನ್ನ ಕೆಲಸ ಹೋದದ್ದು ನ್ಯಾಯ. ಅವರ ಕುರ್ಚಿ ಉಳಿದದ್ದು ಯಾವ ನ್ಯಾಯ?

ಹೆಸರಿಲ್ಲದ ತುಣುಕುಗಳನ್ನು ವಿಂಗಡಿಸುವ ಕೆಲಸ ಮಾತ್ರ ಬಾಕಿ ಇತ್ತು. ಯಾವ ಮಗು, ಯಾವ ಸನ್ನೆ, ಏನರ್ಥ ಎಂದು ಹೇಳಲು ಆ ಮಗುವಿಗೋ ಮನೆಯವರಿಗೋ ಮಾತ್ರ ಸಾಧ್ಯ. ಒಂದು ಭಾನುವಾರ ಬೆಳಿಗ್ಗೆ ಟೀಚರ್ ಎಲ್ಲರನ್ನೂ ಶಾಲೆಗೆ ಕರೆಸಿದರು. ಶಾಲೆಯ ಕೆಲಸ ಕೈತಪ್ಪಿದ್ದರೂ ನಾನೇ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಒಂದೊಂದೇ ತುಣುಕು ಪರದೆಗೆ ಬಂದ ಹಾಗೆ ಮಕ್ಕಳು ಎದ್ದು ನಿಂತು ಕೈ ಎತ್ತುತ್ತಿದ್ದರು. ಇದು ನಾನು, ಇದು ಇವನು, ಇದು ನಮ್ಮಮ್ಮ. ಒಬ್ಬ ತಾಯಿ ಪರದೆ ನೋಡುತ್ತಾ, "ಅಯ್ಯೋ, ಚಳಿಗೆ ಹಿಂಗಂತಿದ್ಲಲ್ಲ, ಮರ್ತೇಹೋಗಿತ್ತು," ಎಂದು ಅಲ್ಲೇ ಅದನ್ನು ಮಾಡಿ ನೋಡಿದರು. ಟೀಚರ್ ಹೇಳಿದ ಹೆಸರನ್ನು ನಾನು ಟೈಪ್ ಮಾಡುತ್ತಾ ಹೋದೆ.

ಹಾರನಹಳ್ಳಿಯಿಂದ ಹಿಟ್ಟಿನ ಗಿರಣಿಯವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಗಿರಣಿಯ ಸದ್ದಿನಲ್ಲೇ ಬದುಕಿದವರು, ದನಿ ಜೋರು. ಮಗಳಿಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಆರು ವರ್ಷದ ಹಿಂದೆ ಟೀಚರ್ ಮಾಡಿದ ಮೊತ್ತಮೊದಲ ವಿಡಿಯೋಗಳು ಅವಳದೇ.

"ನಮ್ಮವ್ವ ಕಲಿಸಿದ್ದು ಇವ್ಳಿಗೆ," ಅಂದರು ಅವರು. "ಅಜ್ಜಿ ಮೊಮ್ಮಗಳು ಇಬ್ರೇ ಮಾತಾಡ್ಕೊಳೋರು, ನಂಗೊಂದೂ ತಿಳೀತಿರ್ಲಿಲ್ಲ. ಟೀಚರಮ್ಮ ವಿಡಿಯೋ ತೋರ್ಸಿ ಕಲಿಸಿದ್ಮೇಲೇ ನಾನು ನನ್ ಮಗಳ ತಾವ ಮಾತಾಡಿದ್ದು. ನಮ್ಮವ್ವ ಹೋದ್ವರ್ಷ ಹೋಗ್ಬಿಟ್ಲು. ಅವಳದ್ದು ಇವಳದ್ದು ಮಾತೆಲ್ಲಾ ಅದ್ರಾಗೇ ಐತೆ. ಇವ್ಳಿಗೇ ಈಗ ಗ್ಯಾಪ್ಕ ಇಲ್ಲ."

ಮಧ್ಯಾಹ್ನದವರೆಗೆ ನೋಡಿದೆವು. ಅವಳದು ಸಿಕ್ಕಿದ್ದು ಒಂದೇ ತುಣುಕು. ಚಾಪೆಯ ಮೇಲೆ ಐದಾರು ವರ್ಷದ ಹುಡುಗಿ, ಪಕ್ಕದಲ್ಲಿ ಕೆಂಪು ಸೀರೆಯ ಅಜ್ಜಿ. ಹುಡುಗಿ ಅಜ್ಜಿಯ ಕಡೆ ತಿರುಗಿ ನಗುತ್ತಾಳೆ. ಬಲಗೈಯನ್ನು ಎದೆಯ ಹತ್ತಿರ ತಂದು ಬೆರಳುಗಳನ್ನು ಮಡಚಿ ಮೇಲಕ್ಕೆ ಎತ್ತಲು ಶುರುಮಾಡುತ್ತಾಳೆ. ಅಲ್ಲಿಗೆ ಚಿತ್ರ ಚೂರುಚೂರಾಗಿ ನಿಂತುಬಿಡುತ್ತದೆ.

ಇನ್ನೊಮ್ಮೆ ಹಾಕಲು ಹುಡುಗಿ ಬೆರಳು ತೋರಿಸಿದಳು. ಹಾಕಿದೆ. ಮತ್ತೆ ಹಾಕಿದೆ. ಅವಳೂ ಪರದೆಯ ಮುಂದೆ ನಿಂತು ಬೆರಳು ಮಡಚಿ ಕೈ ಎತ್ತಲು ನೋಡಿದಳು. ಮುಂದೆ ಏನೆಂದು ಅವಳಿಗೆ ಬರಲಿಲ್ಲ. ಅಪ್ಪನ ಕಡೆ ನೋಡಿದಳು. ಅವರು ಗೊತ್ತಿಲ್ಲವೆಂದು ತಲೆಯಾಡಿಸಿದರು. ಟೀಚರ್ ಕಡೆ ನೋಡಿದಳು. ಅವರಿಗೂ ನೆನಪಿರಲಿಲ್ಲ. ಆಗ ಅವಳ ಕೈಗಳು ಚುರುಕಾಗಿ ಓಡಿದವು.

"ಏನು?" ಎಂದೆ ಟೀಚರಿಗೆ.

"ಯಾರು ಅಳಿಸಿದ್ದು ಅಂತ ಕೇಳ್ತಿದಾಳೆ."

ಟೀಚರ್ ನನ್ನನ್ನೇ ನೋಡುತ್ತಿದ್ದರು. ಕಾರ್ಯದರ್ಶಿಗಳು ಅಲ್ಲಿರಲಿಲ್ಲ, ಅವರ ಹೆಸರು ಹೇಳುವುದು ಸುಲಭವಿತ್ತು, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ನಾನು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡೆ.

ಹುಡುಗಿ ಹತ್ತಿರ ಬಂದಳು. ಮುಖ ಕೆಂಪಾಗಿತ್ತು. ಅವಳ ಕೈಗಳು ನನ್ನ ಮುಖದ ಮುಂದೆ ಗಾಳಿಯನ್ನು ಸೀಳುವ ಹಾಗೆ ಓಡತೊಡಗಿದವು. ಒಂದು ಅಂಗೈಯಿಂದ ಇನ್ನೊಂದನ್ನು ಪಟಪಟನೆ ಹೊಡೆದಳು, ನನ್ನ ಕಡೆ ಬೆರಳಿಟ್ಟಳು, ಪರದೆಯ ಕಡೆ ಬೆರಳಿಟ್ಟಳು, ಮತ್ತೆ ನನ್ನ ಕಡೆ.

"ಏಯ್, ಹಂಗೆಲ್ಲಾ ಅನ್ಬಾರ್ದು ಕಣವ್ವಾ!" ಎಂದು ಅವಳ ಅಪ್ಪ ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಗದರಿದರು.

"ಏನಂದ್ಲು?" ಎಂದು ಟೀಚರನ್ನು ಕೇಳಿದೆ.

"ಅದನ್ನ ನಾನು ಬಾಯಲ್ಲಿ ಹೇಳಲ್ಲ ರೀ," ಅಂದರು ಅವರು. "ಆದ್ರೆ ಅಂದಿದ್ದು ಸರಿಯಾಗೇ ಇದೆ."

"ಇನ್ನೊಂದ್ಸಲ ಹೇಳೋಕೆ ಹೇಳಿ. ನಿಧಾನವಾಗಿ. ನಂಗೆ ಅರ್ಥ ಆಗ್ಬೇಕು."

ಟೀಚರ್ ಅದನ್ನು ಕೈಯಲ್ಲಿ ಹೇಳಿದರು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಒಂದು ಕುರ್ಚಿ ಎಳೆದು, ನನ್ನ ಎದುರಿಗೆ ಹಾಕಿಕೊಂಡು ಕೂತಳು. ನನಗೂ ಕೂರಲು ಹೇಳಿದಳು. ಕೂತೆ. ಅವಳು ಕೈಗಳನ್ನು ಮೇಲೆತ್ತಿ, ಮೊದಲಿನಿಂದ, ಒಂದೊಂದಾಗಿ ಹೇಳಲು ಶುರುಮಾಡಿದಳು.